ಕಾಗೆಯನ್ನೂ ಎಣಿಸಬೇಕಾ ಟೀಚರ್?

ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯ ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ, ಅದರಾಚೆ ಹಳ್ಳ. ಮೂರು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಆರನೇ, ಏಳನೇ ಕ್ಲಾಸಿನ ಮಕ್ಕಳ ಜೊತೆ ಜಗಲಿಯಲ್ಲಿ ಕೂತು ಹಕ್ಕಿ ಎಣಿಸುತ್ತೇವೆ. ಎಣಿಸಿದ್ದನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಜಾಲತಾಣಕ್ಕೆ, ಹಾಕುತ್ತೇವೆ. ನಮ್ಮ ಶಾಲೆಯಲ್ಲೂ ಶುರು ಮಾಡ್ಬೇಕು, ಹೇಗೆ ಅಂತ ಕೆಲವು ಶಿಕ್ಷಕರು ಕೇಳಿದ್ದಾರೆ. ಅದಕ್ಕೇ ಇದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಯಾರು ಜಾಸ್ತಿ ಹಕ್ಕಿ ನೋಡ್ತೀರೋ ಅವರಿಗೆ ಜಾಮಿಟ್ರಿ ಬಾಕ್ಸ್ ಅಂದಿದ್ದೆ. ಮುಂದಿನ ವಾರ ಒಬ್ಬ ಹುಡುಗನ ಪಟ್ಟಿಯಲ್ಲಿ ರಣಹದ್ದು, ಮೂರು ಥರದ ಗೂಬೆ ಎಲ್ಲಾ ಇದ್ದವು. ಹುಡುಗ ಸುಳ್ಳುಗಾರ ಅಲ್ಲ. ಬಹುಮಾನ ಇಟ್ಟು ಸುಳ್ಳು ಬರೆಸಿದ್ದು ನಾನು. ಅವತ್ತೇ ಬಹುಮಾನ ನಿಲ್ಲಿಸಿದೆ, ಆ ಪಟ್ಟಿಗಳನ್ನು ಎಲ್ಲಿಗೂ ಹಾಕಲಿಲ್ಲ.

ಆಮೇಲೆ ಬಂದದ್ದು ಹದಿನೈದು ನಿಮಿಷದ ಪದ್ಧತಿ. ಒಂದೇ ಜಾಗ, ಒಂದೇ ಹೊತ್ತು, ಗಡಿಯಾರ ನೋಡಿ ಹದಿನೈದು ನಿಮಿಷ. ನಾಲ್ಕು ಜನರ ಗುಂಪು: ಇಬ್ಬರು ನೋಡುತ್ತಾರೆ, ಒಬ್ಬರು ಎಣಿಸುತ್ತಾರೆ, ಒಬ್ಬರು ಬರೆಯುತ್ತಾರೆ. ಮೋಡ ಇತ್ತಾ, ಮಂಜು ಇತ್ತಾ, ಗದ್ದೆಯಲ್ಲಿ ಉಳುಮೆ ನಡೆದಿತ್ತಾ ಅನ್ನೋದೂ ಬರೀಬೇಕು. ಪಟ್ಟಿ ಹಾಕುವಾಗ ಕೊನೆಗೆ ಇ-ಬರ್ಡ್ ಒಂದು ಪ್ರಶ್ನೆ ಕೇಳುತ್ತದೆ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ. ಅದನ್ನು ಓದಿ ಹೇಳಿದಾಗ ಒಬ್ಬಳು ಕೇಳಿದಳು: "ಕಾಗೆಯನ್ನೂ ಎಣಿಸಬೇಕಾ ಟೀಚರ್?" ಹೌದು, ಕಾಗೆ, ಗೊರವಂಕ, ಪಿಕಳಾರ ಎಲ್ಲಾ. ಚಂದದ ಹಕ್ಕಿ ಮಾತ್ರ ಬರೆದರೆ ಆ ದಿನ ಕಾಗೆ ಇರಲಿಲ್ಲವೋ, ಇದ್ದೂ ಬರೆಯಲಿಲ್ಲವೋ ಓದುವವರಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಬರೆದಾಗಲೇ ಬರೆಯದೇ ಇದ್ದದ್ದಕ್ಕೂ ಅರ್ಥ ಬರುವುದು.

ನನಗೆ ತುಂಬಾ ಇಷ್ಟವಾದ ಬೆಳಿಗ್ಗೆ ಅಂದರೆ ಕೊಳದ ಬಕದ್ದು. ನಾಲ್ಕೈದು ವಾರದಿಂದ ಎಲ್ಲರ ಪಟ್ಟಿಯಲ್ಲೂ "ಕಂದು ಕೊಕ್ಕರೆ 2, ಬಿಳಿ ಕೊಕ್ಕರೆ 2" ಅಂತ ಬರುತ್ತಿತ್ತು. ಎರಡೂ ಸಂಖ್ಯೆ ಯಾವಾಗಲೂ ಸಮ. ನನಗೆ ಅನುಮಾನ ಇತ್ತು, ಆದರೆ ಸುಮ್ನೆ ಇದ್ದೆ. ಆರನೇ ಕ್ಲಾಸಿನ ಒಬ್ಬ ಹುಡುಗಿ ಬೇರೆ ಏನನ್ನೂ ನೋಡದೆ ಗದ್ದೆ ಬದುವಿನ ಮೇಲೆ ಕೂತಿದ್ದ ಒಂದೇ ಹಕ್ಕಿ ಮೇಲೆ ಕಣ್ಣಿಟ್ಟಳು. ಅದು ಕೆಸರಿನ ಬಣ್ಣಕ್ಕೆ ಕೆಸರಾಗಿ, ಕುತ್ತಿಗೆ ಒಳಗೆಳೆದುಕೊಂಡು, ಕಲ್ಲಿನ ಹಾಗೆ ಕೂತಿತ್ತು. ಯಾರೋ ಎಮ್ಮೆ ಹೊಡೆದುಕೊಂಡು ಬಂದರು. ಹಕ್ಕಿ ಹಾರಿತು, ಹಾರಿದ್ದೇ ತಡ ಪೂರ್ತಿ ಬಿಳಿ. ಆಚೆ ಗದ್ದೆಯಲ್ಲಿ ಇಳಿದು ರೆಕ್ಕೆ ಮಡಚಿತು, ಮತ್ತೆ ಕಂದು. "ಟೀಚರ್, ಎರಡೂ ಒಂದೇ! ಬಿಳಿಯನ್ನ ರೆಕ್ಕೇಲಿ ಬಚ್ಚಿಟ್ಕೊಂಡಿದೆ!" ಅಂತ ಕೂಗಿದಳು. ಉಳಿದವರು ನಂಬಲಿಲ್ಲ, ಎಲ್ಲರೂ ಅದು ಮತ್ತೆ ಹಾರುವವರೆಗೂ ಕಾದರು. ಆಮೇಲೆ ಅವರೇ ಹಳೆಯ ಪುಟಗಳನ್ನು ತೆಗೆದು, ಯಾವ ವಾರದ ಎಣಿಕೆಯನ್ನು ನಂಬಬಾರದು ಅಂತ ಗುರುತು ಹಾಕಿದರು. ನಾನು ಮೊದಲೇ ಹೇಳಿಬಿಟ್ಟಿದ್ದರೆ ಇದು ಆಗುತ್ತಿತ್ತಾ?

ಹೆಸರಿಗೆ ಅವಸರ ಬೇಡ. ಮಕ್ಕಳಿಗೆ ಮನೆಯಲ್ಲಿ ಕೇಳಿದ ಹೆಸರು ಗೊತ್ತಿರುತ್ತದೆ: ಕೆಂಬೂತ, ಕುಂಡೆಕುಸ್ಕ, ಮಡಿವಾಳ, ಕುಟ್ರ. ಅದನ್ನೇ ಬರೆಸಿ, ಆಮೇಲೆ ಪುಸ್ತಕ ನೋಡಿ ಜಾತಿ ಹೊಂದಿಸಿ. ಯಾವುದೋ ಪಿಕಳಾರ, ಯಾವುದು ಅಂತ ತಿಳಿಯಲಿಲ್ಲ ಅಂದರೆ ಹಾಗೇ ಹಾಕಲು ಇ-ಬರ್ಡ್‌ನಲ್ಲಿ ಅವಕಾಶ ಇದೆ. ಧ್ವನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಚೆನ್ನಾಗಿದೆ, ಆದರೆ ನಮ್ಮ ತೋಟದ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ, ಅಲ್ವಾ? ಹಾಗಾಗಿ ಫೋನ್ ಹೇಳಿತು ಅಂತ ಬರೆಯುವ ಹಾಗಿಲ್ಲ. ಖಾತೆ ನನ್ನದು, ಮಕ್ಕಳ ಹೆಸರು ಎಲ್ಲೂ ಹಾಕುವುದಿಲ್ಲ. ಗೂಡಿನ ಹತ್ತಿರವೂ ಹೋಗುವುದಿಲ್ಲ.

ಒಂದು ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ತುಂಗೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿದ್ದವು. ಇಷ್ಟೊಂದನ್ನು ಹೇಗೆ ಎಣಿಸೋದು ಅಂತ ಮಕ್ಕಳು ಕಂಗಾಲು. ಒಂದು ಕೊಂಬೆಯಲ್ಲಿ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಕೂರಿಸಿಕೊಂಡು, ಅಂಥ ಹತ್ತುಗಳು ಎಷ್ಟಿವೆ ಅಂತ ನೋಡಿ ಅಂದೆ. ಮೂರು ಗುಂಪಿನ ಲೆಕ್ಕ ಬೇರೆ ಬೇರೆ ಬಂತು. ಯಾಕೆ ಅಂತ ಬಸ್ಸಿನಲ್ಲಿ ಊರು ಬರುವವರೆಗೂ ಜಗಳ. ನನಗೆ ಅಷ್ಟೇ ಬೇಕಿತ್ತು.

ಈ ಲೆಕ್ಕ ಯಾರಿಗೆ ಬೇಕು ಅಂತ ಪೋಷಕರು ಕೇಳುತ್ತಾರೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರ 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಇ-ಬರ್ಡ್‌ಗೆ ಹಾಕಿದ ದಾಖಲೆಗಳು, ಸುಮಾರು 3 ಕೋಟಿ. ನಮ್ಮ ರಾಜ್ಯ ಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಅದರಲ್ಲೇ ಇದೆ. ಇದನ್ನು ಕೇಳಿದ ಮೇಲೆ ಮಕ್ಕಳು ನೀಲಕಂಠ ಕೂತಿದೆಯಾ ಅಂತ ಗದ್ದೆ ಮೇಲಿನ ಕರೆಂಟ್ ತಂತಿಯನ್ನು ತಪ್ಪದೆ ನೋಡುತ್ತಾರೆ.

ಶುರು ಮಾಡುವವರಿಗೆ ಫೆಬ್ರವರಿ ಒಳ್ಳೆಯ ಸಮಯ. ಆ ತಿಂಗಳಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತ 2013ರಿಂದ ಅದರಲ್ಲಿದೆ. ಕನಿಷ್ಠ ಹದಿನೈದು ನಿಮಿಷ ಎಣಿಸಿದರೆ ಸಾಕು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ, ನಮಗೆ ಮೊದಲ ವರ್ಷ ಇರಲೇ ಇಲ್ಲ.

ಈಗ ಸೆಪ್ಟೆಂಬರ್. ಹಿಮಾಲಯದ ಕಡೆಯಿಂದ ಹಳ್ಳಕ್ಕೆ ಬರುವ ಬೂದು ಕುಂಡೆಕುಸ್ಕಕ್ಕೆ ಕಾಯುತ್ತಿದ್ದೇವೆ. ಕಪ್ಪು ಹಲಗೆಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ಯಾರಾದರೂ ತಾರೀಕು ಬರೆದು ಪಕ್ಕದಲ್ಲಿ ಸೊನ್ನೆ ಹಾಕುತ್ತಾರೆ. ಇವತ್ತೂ ಸೊನ್ನೆಯೇ.