ಬರಿಗಾಲ ಪಾದಯಾತ್ರೆಗೆ ಮುನ್ನ: ಶುಗರ್ ಇದ್ದವರು ನರದ ಅಪಾಯ ಅಳೆದುಕೊಳ್ಳುವುದು ಹೇಗೆ?

ಯುಗಾದಿ ಹತ್ತಿರವಾದಂತೆ ಬಾಗಲಕೋಟೆ ಸೀಮೆಯ ಹಳ್ಳಿಗಳಿಂದ ಕಂಬಿ ಹೊತ್ತವರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ವರ್ಷಗಟ್ಟಲೆ ಶುಗರ್ ಇರುವವರೂ ಅವರೊಳಗೆ ಬರಿಗಾಲಲ್ಲಿ ನಡೆಯುತ್ತಾರೆ. ನಮ್ಮ ಕಾಕಾ ಹಾಗೇ ಹೋದವರು. ‘ಎರಡು ವರ್ಷ ಅಂಗಾಲು ಉರೀತಿತ್ತು, ಈಗ ಏನೂ ಇಲ್ಲ, ಮಲ್ಲಯ್ಯನ ದಯಾ’ ಎಂದು ಖುಷಿಯಿಂದಲೇ ಹೊರಟಿದ್ದರು. ಮೂರನೇ ದಿನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಅದು ಗೊತ್ತಾದದ್ದು ರಾತ್ರಿ ಹಾಸಿದ ಚಾದರಿನ ಮೇಲೆ ರಕ್ತ ಕಂಡಾಗ. ಉರಿ ನಿಂತದ್ದು ಗುಣವಾಗಿ ಅಲ್ಲ, ನರ ಅರಿವು ಕಳೆದುಕೊಂಡು.

ಶುಗರಿನಿಂದ ಕಾಲಿನ ನರ ಹಾಳಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಉರಿ, ಜೋಮು ಯಾವುದೂ ಇರದೆ ಹೋಗಬಹುದು. ಹಾಗಾಗಿ ಕಾಲು ತಾನಾಗಿ ಹೇಳಲಿ ಎಂದು ಕಾಯಬೇಡಿ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಶುಗರ್ ಗೊತ್ತಾಗಿ ಎಷ್ಟು ವರ್ಷವಾಯಿತು, ಬರೆಯಿರಿ. ವರ್ಷ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅದರ ಕೆಳಗೆ ಎಚ್‌ಬಿಎ1ಸಿ ಬರೆಯಿರಿ. ಇದು ಸುಮಾರು 3 ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತ ಪರೀಕ್ಷೆ. ಬಹಳ ಜನರಿಗೆ ಶೇಕಡಾ 7ಕ್ಕಿಂತ ಕಡಿಮೆ ಇರಬೇಕು, ವಯಸ್ಸಾದವರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ಬೆಳಿಗ್ಗೆಯ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನಂಬಿ ಕೂರಬೇಡಿ. ಪರೀಕ್ಷೆಯ ಹಿಂದಿನ ದಿನ ಚಹಾಕ್ಕೆ ಬೆಲ್ಲ ಹಾಕದೆ ಒಳ್ಳೆಯ ನಂಬರ್ ತರುವವರನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಬಿಪಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿರುವುದು, ಹೊಟ್ಟೆಯ ಬೊಜ್ಜು, ಕಿಡ್ನಿ ತೊಂದರೆ ಇದ್ದರೆ ಅವನ್ನೂ ಸೇರಿಸಿ. ಬೀಡಿ, ಸಿಗರೇಟು ಇದ್ದರೆ ಮುಚ್ಚಿಡದೆ ಬರೆಯಿರಿ. ಹೊಗೆ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ನರಕ್ಕೆ ಉಣಿಸುವ ಸಣ್ಣ ನಾಳಗಳೇ ಬಡವಾದರೆ ನರ ಬದುಕುವುದು ಹೇಗೆ? ಸಾರಾಯಿ ನೇರವಾಗಿ ನರಕ್ಕೇ ವಿಷ.

ಹೆಚ್ಚಿನವರು ಮರೆಯುವುದು ಬಿ12. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಜೀವಸತ್ವ ಕಡಿಮೆಯಾಗಬಹುದು. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆ ಇರುವ ಮನೆಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ಬಿ12 ಕೊರತೆ ತಾನೂ ನರ ಕೆಡಿಸುತ್ತದೆ, ಶುಗರಿನ ಹೆಸರಲ್ಲಿ ಮರೆಯಾಗಿಬಿಡುತ್ತದೆ. ಇದನ್ನು ಸರಿಪಡಿಸಬಹುದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಗುಳಿಗೆಯನ್ನು ನೀವಾಗಿ ಬಿಡಬೇಡಿ. ಬಿ12 ಪರೀಕ್ಷೆ ಕೇಳಿ.

ಆಮೇಲೆ ಬೆರಳು ಮುಟ್ಟುವ ಪರೀಕ್ಷೆ

ಇದಕ್ಕೆ ಯಂತ್ರ ಬೇಡ, ಮನೆಯವರೊಬ್ಬರು ಸಾಕು. ಅಂಗಾತ ಮಲಗಿ ಕಣ್ಣು ಮುಚ್ಚಿ. ಅವರು ತೋರುಬೆರಳಿನಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು 6 ಕಡೆ. ಮುಟ್ಟಿದ್ದು ತಿಳಿದಾಗಲೆಲ್ಲ ‘ಬಲ’ ಇಲ್ಲವೆ ‘ಎಡ’ ಎನ್ನಿ. ತಿಳಿಯದಿದ್ದರೆ ಮತ್ತೆ ಮುಟ್ಟಿ ನೋಡುವಂತಿಲ್ಲ. 2 ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಅರಿವು ಕುಂದಿದೆ ಎಂದೇ ತಿಳಿಯಿರಿ.

ಹಾಳೆಯನ್ನೂ ಈ ಲೆಕ್ಕವನ್ನೂ ಹಿಡಿದು ವೈದ್ಯರ ಬಳಿ ಹೋಗಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ, ಕಂಪಿಸುವ ಟ್ಯೂನಿಂಗ್ ಫೋರ್ಕಿನಿಂದ ಅವರು ಪಾದ ಪರೀಕ್ಷಿಸಬೇಕು. ಕೇಳಲು ಸಂಕೋಚ ಬೇಡ, ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿ. ಟೈಪ್ 2 (ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಶುಗರ್) ಇದ್ದವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್) ಇದ್ದವರಿಗೆ ಗೊತ್ತಾಗಿ 5 ವರ್ಷದ ನಂತರ, ಆಮೇಲೆ ವರ್ಷಕ್ಕೊಮ್ಮೆ ಇದು ಆಗಬೇಕು.

ಅರಿವು ಕುಂದಿದ್ದರೆ ಕಾದ ಡಾಂಬರಿನ ಮೇಲೆ, ಎರೆಹೊಲದ ಮುಳ್ಳಿನಲ್ಲಿ ಬರಿಗಾಲು ಬೇಡವೇ ಬೇಡ. ಹರಕೆ ಇದ್ದರೂ ಬೇಡ. ಬೂಟು ಹಾಕಿ ಬಂದ ಭಕ್ತನನ್ನು ಮಲ್ಲಯ್ಯ ತಿರುಗಿ ಕಳಿಸುವುದಿಲ್ಲ. ಕಾಕಾ ಈಗ ಬಸ್ಸಿಗೆ ಹೋಗುತ್ತಾರೆ. ಬೂಟು ಹಾಕುವ ಮೊದಲು ಒಳಗೆ ಕೈಯಾಡಿಸಿ ಹರಳು ಇದೆಯೇ ನೋಡುತ್ತಾರೆ, ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಸ್ನಾನದ ನೀರಿನ ಬಿಸಿ ನೋಡುವುದು ಮೊಣಕೈಯಿಂದ, ಕಾಲಿನಿಂದಲ್ಲ.