ಗುದ್ದಲಿ ಹಿಡಿಯುವ ಮುಂಚೆ ಬಿಸಿಲು ನೋಡಿ: ಹಿತ್ತಲಲ್ಲೊಂದು ತಾವರೆ ಕೊಳ

ಕೊಳ ಬೇಕು ಅನ್ನಿಸಿದ ದಿನವೇ ಗುಂಡಿ ತೋಡಬೇಡಿ. ನಾನು ಹಾಗೆ ಮಾಡಿ ಕೆಟ್ಟೆ. ತಂಪಾಗಿದೆ ಅಂತ ಮಾವಿನ ಮರದ ಬುಡದ ಹತ್ತಿರ ತೋಡಿದ್ದೆ, ಎಲೆ ಬಿದ್ದು ಕೊಳೆತು ನೀರು ಕಷಾಯದ ಬಣ್ಣಕ್ಕೆ ತಿರುಗಿತು, ತಾವರೆ ಒಂದು ಮೊಗ್ಗನ್ನೂ ಬಿಡಲಿಲ್ಲ. ತಾವರೆಗೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕೇ ಬೇಕು. ಒಂದು ಭಾನುವಾರ ನೆರಳು ಎಲ್ಲೆಲ್ಲಿ ಓಡಾಡುತ್ತದೆ ಅಂತ ಸುಮ್ನೆ ನೋಡಿ. ಮಳೆನೀರು ಹರಿದು ಬರುವ ತಗ್ಗಿನ ಮೂಲೆಯೂ ಬೇಡ.

ಅಳತೆಗೆ 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ ಸಾಕು. ಸುಮಾರು 2,200 ಲೀಟರ್ ನೀರು ಹಿಡಿಯುತ್ತದೆ. ಕೃಷಿ ಹೊಂಡಕ್ಕೆ ಹಾಸುವ ದಪ್ಪ ಶೀಟು ತನ್ನಿ. ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಎರಡೂ ಕಡೆ ಒಂದೊಂದು ಅಡಿ ಬಿಡಿ. ಅಗಲಕ್ಕೂ ಇದೇ ಲೆಕ್ಕ. ಅಂದರೆ 14 ಅಡಿಗೆ 11 ಅಡಿ ಶೀಟು.

ಎಲ್ಲರೂ ಎಡವುವುದು ಮಟ್ಟದಲ್ಲಿ. ಕಣ್ಣಳತೆ ನಂಬಿದರೆ ನೀರು ತುಂಬಿದ ಮೇಲೆ ಒಂದು ಕಡೆ ತುಳುಕುತ್ತದೆ, ಇನ್ನೊಂದು ಕಡೆ ಅರ್ಧ ಅಡಿ ಪ್ಲಾಸ್ಟಿಕ್ಕು ಹಲ್ಲು ಕಿರಿಯುತ್ತದೆ. ಗಾರೆಯವರು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ ಸುತ್ತಲೂ ಮಟ್ಟ ಹಿಡಿಯಿರಿ, ಹತ್ತು ನಿಮಿಷದ ಕೆಲಸ. ಅಂಚು ನೆಲಕ್ಕಿಂತ ಎರಡು ಇಂಚು ಎತ್ತರವಿದ್ದರೆ ಕೆಸರು ಒಳಗೆ ಬರುವುದಿಲ್ಲ. ಕಲ್ಲು, ಬೇರು ಆರಿಸಿ ತೆಗೆದು, ಹಳೇ ಗೋಣಿಚೀಲ ಹಾಸಿ, ಅದರ ಮೇಲೆ ಶೀಟು. ಅಂಚನ್ನು ಚಪ್ಪಡಿ ಕಲ್ಲಿನಿಂದ ಪೂರ್ತಿ ಮುಚ್ಚಿ, ಬಿಸಿಲಿಗೆ ಬಿಟ್ಟರೆ ಬೇಗ ಸೀಳುತ್ತದೆ.

ನಲ್ಲಿ ನೀರಾದರೆ ಎರಡು ದಿನ ಹಾಗೇ ಬಿಡಿ, ಕ್ಲೋರಿನ್ ಹೋಗಲಿ. ತಾವರೆ ಗೆಡ್ಡೆಯನ್ನು ತೂತಿಲ್ಲದ ಅಗಲ ಬೇಸಿನ್ನಿನಲ್ಲಿ, ಗದ್ದೆಯ ಜಿಗುಟು ಮಣ್ಣಿನಲ್ಲಿ ನೆಡಿ. ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಹಾಕಿದರೆ ತೇಲಿ ಮೇಲೆ ಬರುತ್ತದೆ. ಮೊಳಕೆಯ ತುದಿ ಮುರಿದರೆ ಗೆಡ್ಡೆ ಕೊಳೆಯುವ ಸಾಧ್ಯತೆಯೇ ಜಾಸ್ತಿ. ಮೊದಲು ಬೇಸಿನ್ನಿನ ಕೆಳಗೆ ಇಟ್ಟಿಗೆ ಇಟ್ಟು, ಎಲೆ ಎದ್ದಂತೆ ಒಂದೊಂದೇ ತೆಗೆಯುತ್ತಾ ಇಳಿಸಿ.

ಸೊಳ್ಳೆ? ಹತ್ತು ಗಪ್ಪಿ ಮೀನು ಬಿಡಿ, ಮರಿಹುಳ ತಿನ್ನುತ್ತವೆ. ಕೆಲವು ವಾರ ನೀರು ಹಸಿರಾಗುತ್ತದೆ, ಗಾಬರಿಯಾಗಿ ಬದಲಿಸಬೇಡಿ. ಎಲೆಗಳು ಅರ್ಧ ನೀರು ಮುಚ್ಚುವ ಹೊತ್ತಿಗೆ ತಿಳಿಯಾಗುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗುಂಡಿ ಬೇಡವೇ ಬೇಡ, ಸದ್ಯಕ್ಕೆ ತಾರಸಿ ಮೇಲೆ ಒಂದು ದೊಡ್ಡ ಟಬ್ಬಿನಲ್ಲಿ ನೈದಿಲೆ ಬೆಳೆಸಿ. ಗಪ್ಪಿಗಳು ಮಾತ್ರ ತಿಂಗಳು ತಿಂಗಳು ಮರಿ ಹಾಕುತ್ತಲೇ ಇರುತ್ತವೆ. ಜಾಸ್ತಿಯಾದವನ್ನು ಕೆರೆಗೆ ಬಿಡಬೇಡಿ, ಪಕ್ಕದ ಮನೆಯವರಿಗೆ ಕೊಡಿ. ನಮ್ಮ ಬೀದಿಯಲ್ಲಿ ಈಗ ಬೇಡ ಅನ್ನುವವರೇ ಉಳಿದಿದ್ದಾರೆ.