ಒಂದೇ ಹಲಗೆ, ಎರಡು ಸಾವಿರ ಚಿತ್ರ: ಚಿಯೂ ಆನ್‌ಶಿಯೊಂಗ್ ದಾರಿಯಲ್ಲಿ ನನ್ನ ಅನುಭವ

ಅಕ್ರಿಲಿಕ್ ಬಣ್ಣದಲ್ಲಿ ಚೀನೀ ಶಾಯಿಚಿತ್ರದ ಮಂಜು ಬರಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಜೊತೆಗೆ ಓದಿದ ಪೇಂಟರ್‌ಗಳು ಹೇಳಿದರು, ಅನಿಮೇಶನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ಗೆಳೆಯರೂ ಹೇಳಿದರು. "ಮಾರಾಯಾ, ಐಪ್ಯಾಡ್‌ನಲ್ಲಿ ಇಂಕ್ ಬ್ರಶ್ ಇದೆಯಲ್ಲೋ, ಸುಮ್ನೆ ಯಾಕೆ ಕೈ ಕೊಳೆ ಮಾಡ್ಕೋತೀಯ?" ಅಂತ ಒಬ್ಬ ಕೇಳಿದ. ಈಗ ಅಕ್ರಿಲಿಕ್‌ನಲ್ಲೇ ಬಳಿದು ಮಾಡಿದ ಮೂರು ನಿಮಿಷದ ಅನಿಮೇಶನ್ ಫಿಲಂ ಮುಗಿದಿದೆ. ನೋಡಿದವರು ಮೊದಲು ಕೇಳುವುದೇ "ಯಾವ ಕಾಗದ ಬಳಸಿದ್ರಿ?" ಅಂತ. ಕಾಗದ ಬಳಸಿಯೇ ಇಲ್ಲ. ಹಾಗೆ ಕೇಳಿದವರಲ್ಲಿ ಆ ಐಪ್ಯಾಡ್ ಗೆಳೆಯನೂ ಇದ್ದ, ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರಲ್ಲ.

ದಾರಿ ನನ್ನದಲ್ಲ, ಚೀನಾದ ಕಲಾವಿದ ಚಿಯೂ ಆನ್‌ಶಿಯೊಂಗ್ ಅವರದು. 1972ರಲ್ಲಿ ಚೆಂಗ್ಡುವಿನಲ್ಲಿ ಹುಟ್ಟಿದವರು. ಸಿಚುವಾನ್‌ನಲ್ಲಿ ಕಲೆ ಓದಿ, ಆಮೇಲೆ ಜರ್ಮನಿಯ ಕಾಸೆಲ್‌ನಲ್ಲಿ ಓದಿ, ಶಾಂಘೈಗೆ ಬಂದು ನೆಲೆಸಿದರು. ಅವರ 'ಹೊಸ ಶಾನ್ ಹಾಯ್ ಜಿಂಗ್' ಫಿಲಂನ ಮೊದಲ ಭಾಗ 2006ರದು. ಮೂರು ಪರದೆ, ಸುಮಾರು ಅರ್ಧ ಗಂಟೆ. ಹಳೆಯ ಚೀನೀ ಶಾಯಿಚಿತ್ರವೇ ನಡೆದಾಡಿದಂತೆ ಕಾಣುತ್ತದೆ. ಅಸಲಿಗೆ ಅದು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್. ಬಳಿಯುವುದು, ಫೋಟೋ ತೆಗೆಯುವುದು, ಅದರ ಮೇಲೇ ಮತ್ತೆ ಬಳಿಯುವುದು. ಸಾವಿರಾರು ಸಲ.

ಶಾನ್ ಹಾಯ್ ಜಿಂಗ್ ಅಂದರೆ ಎರಡು ಸಾವಿರ ವರ್ಷಕ್ಕೂ ಹಳೆಯ, ಬೆಟ್ಟ ಸಮುದ್ರಗಳ ಪುಸ್ತಕ. 18 ಭಾಗ. ಇಂಥ ಬೆಟ್ಟದಲ್ಲಿ ಇಂಥ ಪ್ರಾಣಿ, ಅದರ ಆಕಾರ ಹೀಗೆ, ಕೂಗು ಹೀಗೆ, ಕಂಡರೆ ಬರಗಾಲ ಅಥವಾ ಬೆಂಕಿ. ಪಂಚಾಂಗದ ಫಲದಂತೆ ಒಂದೊಂದೇ ಸಾಲು. ಚಿಯೂ ಮಾಡಿದ್ದು ಇಷ್ಟೇ: ಅದೇ ಕಣ್ಣಿನಿಂದ ಇವತ್ತಿನ ಯಂತ್ರಗಳನ್ನು ನೋಡಿದರು. ಟ್ಯಾಂಕು, ಹೆಲಿಕಾಪ್ಟರು, ತೈಲಬಾವಿ, ಎಲ್ಲವೂ ಪ್ರಾಣಿಗಳೇ. ಎರಡನೇ ಭಾಗದಲ್ಲಿ ಹುಚ್ಚು ಹಸುವಿನ ರೋಗವೂ ಬರುತ್ತದೆ. ಹಳೆಯ ರಾಕ್ಷಸನಿಗೆ ಹೊಸ ಬಟ್ಟೆ ತೊಡಿಸುವ ಕಲಾವಿದರು ಬೇಕಾದಷ್ಟಿದ್ದಾರೆ. ಇದು ಅದರ ಉಲ್ಟಾ. ನನಗೆ ಹಿಡಿಸಿದ್ದೂ ಅದೇ.

ಕಥೆಗೆ ನಾನು ಆರಿಸಿಕೊಂಡದ್ದು ಜಿಂಗ್‌ವೇ ಹಕ್ಕಿಯನ್ನು. ಯಾನ್ ದೊರೆಯ ಕಿರಿಮಗಳು ಪೂರ್ವ ಸಮುದ್ರದಲ್ಲಿ ಮುಳುಗಿ ಸಾಯುತ್ತಾಳೆ, ಹಕ್ಕಿಯಾಗುತ್ತಾಳೆ. ಬಿಳಿ ಕೊಕ್ಕು, ಕೆಂಪು ಕಾಲು. ಪಶ್ಚಿಮದ ಬೆಟ್ಟದಿಂದ ಕಡ್ಡಿ, ಕಲ್ಲು ತಂದು ತಂದು ಸಮುದ್ರ ತುಂಬಿಸಲು ಹೊರಡುತ್ತಾಳೆ. ಇದಕ್ಕೆ ಎದುರಾಗಿ ಮರಳು ಹೀರುವ ಹಡಗು ಇಟ್ಟೆ. ಶಾಂಘೈನ ಲಿಂಗಾಂಗ್ ಹೊಸ ಊರಿನ ದೊಡ್ಡದೊಂದು ಭಾಗ ಸಮುದ್ರ ತುಂಬಿಸಿ ಮಾಡಿದ ನೆಲ. ಹಕ್ಕಿಯ ಕೈಲಿ ಆಗದ್ದನ್ನು ಇಂಥ ಹಡಗಿನ ಪೈಪು ಮಾಡಿ ಮುಗಿಸಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು 'ತ್ಯಾನ್ ಕುನ್ ಹಾವ್'. 2017ರಲ್ಲಿ ನೀರಿಗಿಳಿಸಿದ ಹಡಗು, 140 ಮೀಟರ್ ಉದ್ದ, ಗಂಟೆಗೆ 6,000 ಘನ ಮೀಟರ್ ಹೂಳೆತ್ತುತ್ತದೆ. ಅದಕ್ಕೆ ಇಟ್ಟ ಹೆಸರು ಪುರಾಣದ ಮಹಾಮೀನು 'ಕುನ್'ದು. ನಾನು ಕಷ್ಟಪಟ್ಟು ಹೊಂದಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ಮರದ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮೊದಲ ದಿನವೇ ಕೈ ಕೊಟ್ಟಿತು. ಬ್ರಶ್ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಫಿಲಂನಲ್ಲಿ ಸಮುದ್ರ ಉಸಿರಾಡುತ್ತಿತ್ತು. ಕ್ಯಾನ್ವಾಸನ್ನು ಎಂಡಿಎಫ್ ಹಲಗೆಗೆ (ಮರದ ನಾರು ಒತ್ತಿ ಮಾಡಿದ್ದು) ಅಂಟಿಸಿ, ಬಣ್ಣ ಹಿಡಿಯಲು ಅಡಿಗೆ ಬಳಿಯುವ ಬಿಳಿ ಲೇಪ ಗೆಸ್ಸೊವನ್ನು ನಾಲ್ಕೈದು ಕೋಟ್ ಹೊಡೆದು, ನಡುನಡುವೆ ಸ್ಯಾಂಡ್‌ಪೇಪರ್ ಉಜ್ಜಿದೆ. ಅಳತೆ ಸುಮಾರು ಮೂರಡಿ, ಎರಡಡಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಮೇಲೆ ಅಲುಗಾಟ ನಿಂತಿತು.

ಬಣ್ಣದ ವಿಷಯದಲ್ಲಿ ದುಡ್ಡು ಜಾಸ್ತಿ ಹೋಯಿತು. ಮಾರ್ಸ್ ಬ್ಲ್ಯಾಕ್ ಅನ್ನುವ ಕಪ್ಪು ತೆಳು ಮಾಡಿದರೂ ಮಸಿ ಬಳಿದಂತೆ ಕೂರುತ್ತದೆ. ಐವರಿ ಬ್ಲ್ಯಾಕ್ ಅರೆಪಾರದರ್ಶಕ. ಅದಕ್ಕೆ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳೆಯದ ಅಕ್ರಿಲಿಕ್ ಅಂಟು) ಸೇರಿಸಿ ತೆಳುವಾಗಿ ಎಳೆದರೆ ಮಂಜು ಬರುತ್ತದೆ. ನೀರೊಂದನ್ನೇ ಸುರಿದರೆ ಬಣ್ಣ ಹಿಡಿಯದೆ ಪುಡಿ ಉದುರುತ್ತದೆ, ಎಚ್ಚರ. ಅಗ್ಗದ ಬಿಳಿ ಬಣ್ಣದ ಡಬ್ಬ ತಂದೆ, ಐದಾರು ನೂರು ಫ್ರೇಮ್ (ಒಂದು ಫೋಟೋ ಅಂದರೆ ಒಂದು ಫ್ರೇಮ್) ಆದ ಮೇಲೆ ಬಿರುಕು ಬಿಟ್ಟಿತು. ಅಷ್ಟೂ ಫ್ರೇಮ್ ಹೋಯಿತು. ಆಮೇಲೆ ದುಬಾರಿ ಟೈಟಾನಿಯಂ ವೈಟ್‌ಗೇ ಬಂದೆ.

ಅಳಿಸುವುದೇ ಇಲ್ಲಿ ನಿಜವಾದ ಕಸುಬು. ಒದ್ದೆ ಇದ್ದಾಗಲೇ ಬಟ್ಟೆಯಲ್ಲಿ ಒರೆಸಬೇಕು, ಇಲ್ಲವಾದರೆ ಮೇಲೆ ಬಿಳಿ ಬಳಿಯಬೇಕು. ಬಿಳಿ ಬಳಿದಷ್ಟೂ ದಿಬ್ಬ ಏಳುತ್ತದೆ, ದಿಬ್ಬದ ನೆರಳು ಕ್ಯಾಮೆರಾಗೆ ಕಾಣುತ್ತದೆ. ಮೈಸೂರಿನ ಮಾರ್ಚ್ ಬಿಸಿಲಲ್ಲಿ ಬಣ್ಣ ಒರೆಸುವಷ್ಟರಲ್ಲಿ ಒಣಗಿಬಿಡುತ್ತಿತ್ತು. ಮಳೆಗಾಲದಲ್ಲಿ ಉಲ್ಟಾ, ಒಂದು ಫ್ರೇಮಿಗೆ ಇಪ್ಪತ್ತು ನಿಮಿಷ ಕಾಯಬೇಕು. ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ದ್ರವ ಪೇಂಟರ್‌ಗಳಿಗೆಲ್ಲ ಗೊತ್ತು. ಎಷ್ಟು ಹನಿ, ಅದರ ಜೊತೆ ನಾನು ಹಾಕುವ ಇನ್ನೊಂದು ಅಡುಗೆಮನೆ ಸಾಮಾನು ಯಾವುದು ಅಂತ ಇಲ್ಲಿ ಬರೆಯಲ್ಲ. ಅದು ಗೊತ್ತಾಗಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಒರೆಸಿದ ಮೇಲೂ ಉಳಿಯುವ ಕಲೆಯನ್ನು ಪೂರ್ತಿ ತೆಗೆಯಬೇಡಿ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ 1989ರಿಂದ ಇದ್ದಿಲಲ್ಲಿ ಬರೆದು ಅಳಿಸಿ ಫಿಲಂ ಮಾಡುತ್ತಾ ಬಂದಿದ್ದಾರೆ. ಅವರಲ್ಲಿ ಅಳಿಸಿದ ಗುರುತೇ ನೆನಪಿನ ಹಾಗೆ ಉಳಿಯುತ್ತದೆ. ನಾನೂ ಇದ್ದಿಲು ಹಿಡಿದು ನೋಡಿದೆ. ಸುಲಭ, ಅಗ್ಗ, ಆದರೆ ಇದ್ದಿಲು ಇದ್ದಿಲೇ, ನೀರಿನ ಗುಣ ಬರಲ್ಲ. ಅಕ್ರಿಲಿಕ್‌ನಲ್ಲಿ ಉಳಿದ ಗುರುತು ಮಾತ್ರ ತಾನಾಗೇ ಅಲೆಯ ಹಿಂದಿನ ಅಲೆಯಂತೆ ಕಾಣುತ್ತದೆ. ನನ್ನ ಸಮುದ್ರದಲ್ಲಿ ಅರ್ಧ ನಾನು ಬಳಿದದ್ದೇ ಅಲ್ಲ.

ಬೆಳಕು ಮೂರು ತೊಂದರೆ ಕೊಟ್ಟಿತು. ಒದ್ದೆ ಬಣ್ಣ ಹೊಳೆಯುತ್ತದೆ. ದೀಪಕ್ಕೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನ ಬೆಳಕು ಬಿಡುವ ಹಾಳೆ), ಲೆನ್ಸಿಗೆ ಅಂಥದ್ದೇ ಸಿಪಿಎಲ್ ಫಿಲ್ಟರ್ ಹಾಕಿ ತಿರುಗಿಸಿದರೆ ಹೊಳಪು ಸತ್ತುಹೋಗುತ್ತದೆ. ಬೆಳಕು ಕಡಿಮೆಯಾಗುತ್ತದೆ, ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ಅರ್ಧ ಸೆಕೆಂಡ್ ಇಟ್ಟರಾಯಿತು. ಸಂಜೆ ಏಳರ ಮೇಲೆ ವೋಲ್ಟೇಜ್ ಇಳಿದು ಚಿತ್ರ ಮಿಣುಕುತ್ತಿತ್ತು, ದೀಪಗಳನ್ನು ಬ್ಯಾಟರಿಗೆ ಹಾಕಿದೆ. ಆದರೂ ಮಿಣುಕು ಹೋಗಲಿಲ್ಲ. ಕಾರಣ ಲೆನ್ಸ್. ಆಟೋ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ ಮುಚ್ಚುತ್ತದೆ. ಹಳೆಯ ಮ್ಯಾನ್ಯುಯಲ್ ಲೆನ್ಸ್ ಒಂದನ್ನು ಮೂರೂವರೆ ಸಾವಿರಕ್ಕೆ ಕೊಂಡು ಅಡಾಪ್ಟರ್ ಹಾಕಿದ ದಿನ ಸರಿಹೋಯಿತು. ಅದಕ್ಕೂ ಮೊದಲು ಮಿಣುಕು ತೆಗೆಯುವ ಸಾಫ್ಟ್‌ವೇರ್‌ಗೆ ಅದಕ್ಕಿಂತ ಜಾಸ್ತಿ ಸುರಿದಿದ್ದೆ. ಒಂದೊಂದೇ ಫ್ರೇಮ್ ಹಿಡಿದು ಜೋಡಿಸುವ ಸಾಫ್ಟ್‌ವೇರ್ ಡ್ರ್ಯಾಗನ್‌ಫ್ರೇಮ್ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನಡುವೆ ದಾರಿ ಬಿಟ್ಟು ಒಂದೆರಡು ಆಟ ಆಡಿದೆ. ಚೀನಾದ ಇನ್ನೊಬ್ಬ ಕಲಾವಿದ ಶೂ ಬಿಂಗ್ ಅವರ 'ಹಿನ್ನೆಲೆ ಕಥೆ' ಸರಣಿ ಗೊತ್ತಲ್ವಾ? 2004ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು. ಮುಂದಿನಿಂದ ಹಳೆಯ ಬೆಟ್ಟ ನೀರಿನ ಚಿತ್ರ, ಹಿಂದೆ ಹೋಗಿ ನೋಡಿದರೆ ಮಂಜುಗಾಜಿಗೆ ಅಂಟಿಸಿದ ಒಣಗಿಡ, ನಾರು, ಕಸ. ನಾನೂ ಮಂಜುಗಾಜಿನ ಹಿಂದೆ ತೆಂಗಿನ ನಾರು, ಒಣ ಹುಲ್ಲು ಇಟ್ಟು ದೀಪ ಬಿಟ್ಟೆ. ಗಾಜಿಗೆ ತಾಗಿದ್ದು ಗಟ್ಟಿ ಗೆರೆ, ಬೆರಳಷ್ಟು ಹಿಂದೆ ಸರಿಸಿದರೆ ಮಂಜು. ಫ್ರೇಮಿಗೆ ಒಂದು ಕೂದಲಷ್ಟು ಹಿಂದೆ ಎಳೆದರೆ ಬೆಟ್ಟ ಮೋಡದಲ್ಲಿ ಕರಗುತ್ತದೆ. ಫಿಲಂನಲ್ಲಿ ಹನ್ನೆರಡು ಸೆಕೆಂಡಿನಷ್ಟು ಇದೇ ಇದೆ, ಯಾವುದು ಅಂತ ಇನ್ನೂ ಯಾರೂ ಪತ್ತೆ ಮಾಡಿಲ್ಲ.

ಇನ್ನೊಂದು ಆಟ ದಿಜ್ಯಾಂಗ್. ಅದೂ ಆ ಹಳೆಯ ಪುಸ್ತಕದ್ದೇ. ಚೀಲದಂಥ ಮೈ, ಆರು ಕಾಲು, ನಾಲ್ಕು ರೆಕ್ಕೆ, ಮುಖವೇ ಇಲ್ಲ, ಆದರೆ ಹಾಡು ಕುಣಿತ ಬರುತ್ತದೆ. ಲಿಪ್‌ಸಿಂಕ್ (ಮಾತಿಗೆ ತಕ್ಕಂತೆ ಬಾಯಿ ಆಡಿಸುವುದು) ಮಾಡಿ ಸೋತವರಿಗೆ ದೇವರು ಕೊಟ್ಟ ಪಾತ್ರ. ಆರು ಕಾಲಿನ ನಡಿಗೆ ಬಿಡಿಸಲು ಕೂತಾಗ ಖುಷಿ ಇಳಿಯಿತು.

ಶಾಯಿಯಲ್ಲೇ ಯಾಕೆ ಮಾಡಲಿಲ್ಲ ಅಂತ ಕೇಳುತ್ತಾರೆ. 1960ರ ಸುಮಾರಿಗೆ ಶಾಂಘೈ ಅನಿಮೇಶನ್ ಸ್ಟುಡಿಯೋದಲ್ಲಿ ನಿರ್ದೇಶಕ ತೆ ವೇ ಮತ್ತು ಸಂಗಡಿಗರು ಶಾಯಿ ಅನಿಮೇಶನ್ ಮಾಡಿ ತೋರಿಸಿದರು. ಒಂದೊಂದು ಚಿತ್ರವನ್ನೂ ಹಲವು ಪದರವಾಗಿ ಬಿಡಿಸಿ, ಪದರ ಪದರವಾಗಿ ಶೂಟ್ ಮಾಡಿದ್ದು. ಆ ವಿಧಾನವನ್ನು ಎಷ್ಟೋ ವರ್ಷ ಗುಟ್ಟಾಗಿಟ್ಟಿದ್ದರು. ಅದಕ್ಕೆ ಒಂದು ಸ್ಟುಡಿಯೋ ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಕೋಣೆ.

ಲೆಕ್ಕ ಹೇಳುತ್ತೇನೆ, ನೆನಪಿದ್ದಷ್ಟು. ಸೆಕೆಂಡಿಗೆ 12 ಚಿತ್ರ, ಮೂರು ನಿಮಿಷಕ್ಕೆ ಎರಡು ಸಾವಿರ ಚಿಲ್ಲರೆ. ಒಳ್ಳೆಯ ದಿನ 25 ಫ್ರೇಮ್, ಅಂದರೆ ಎರಡು ಸೆಕೆಂಡ್. ಬಣ್ಣ, ಮೀಡಿಯಂಗೆ ಇಪ್ಪತ್ತು ಸಾವಿರದ ಹತ್ತಿರ, ದೀಪ, ಬ್ಯಾಟರಿ, ಲೆನ್ಸು, ಸಾಫ್ಟ್‌ವೇರು ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಿತು. ಕ್ಯಾಮೆರಾ ಮೊದಲೇ ಇತ್ತು. ನನ್ನ ಕೂಲಿ ಹಿಡಿದರೆ ಯಾರೂ ಈ ಕೆಲಸಕ್ಕೆ ಕೈ ಹಾಕಲ್ಲ, ಅದಕ್ಕೇ ಹಿಡಿದಿಲ್ಲ.

ಹಲಗೆಯ ಮೇಲೆ ಈಗ ಕೊನೆಯ ಫ್ರೇಮ್ ಮಾತ್ರ ಇದೆ. ಉಳಿದ ಚಿತ್ರವೆಲ್ಲ ಅದರ ಅಡಿಯಲ್ಲಿ. ಒಬ್ಬರು ಅದನ್ನು ಹದಿನೈದು ಸಾವಿರಕ್ಕೆ ಕೇಳಿದ್ದಾರೆ. ಇಪ್ಪತ್ತು ಹೇಳಿದ್ದೇನೆ, ಹದಿನೆಂಟಕ್ಕೆ ಕೊಡುತ್ತೇನೆ. ಆ ದುಡ್ಡಲ್ಲಿ ಮುಂದಿನದಕ್ಕೆ ದೊಡ್ಡ ಹಲಗೆ ಬರುತ್ತದೆ. ಮುಂದಿನದು ಅದೇ ಹಳೆಯ ಪುಸ್ತಕದ ಶಿಂಗ್‌ತ್ಯಾನ್. ತಲೆ ಕಡಿದ ಮೇಲೆ ಎದೆಯಲ್ಲೇ ಕಣ್ಣು, ಹೊಕ್ಕುಳಲ್ಲೇ ಬಾಯಿ ಮಾಡಿಕೊಂಡು ಕೊಡಲಿ ಬೀಸಿದವನು. ಎರಡೇ ಕಾಲು, ಅದೊಂದು ಸಮಾಧಾನ.